ಎಲ್ಲ ವಾದ್ಯ ಒಬ್ಬರೇ ನುಡಿಸುವ ರಾಕ್ ಆಲ್ಬಂ: ಬೇಸ್ ಎರಡು ಸಲ

ಬ್ಯಾಂಡಿನ ಬೇಸ್ (ಮಂದ್ರ ಸ್ವರದ ಗಿಟಾರ್) ವಾದಕರು ಸ್ವಂತ ಆಲ್ಬಮ್ಮಿಗೆ ಕೂತಾಗ ಸಾಮಾನ್ಯವಾಗಿ ಡ್ರಮ್ಸ್ ಮುಗಿದ ಕೂಡಲೇ ಬೇಸ್ ರೆಕಾರ್ಡ್ ಮಾಡಿಬಿಡುತ್ತಾರೆ. ಬ್ಯಾಂಡಿನಲ್ಲಿ ಅದೇ ರೂಢಿ, ಅಲ್ಲಿ ಅದು ಸರಿಯೂ ಹೌದು. ಗಾಯಕರು, ಗಿಟಾರಿನವರು ಎದುರಿಗೇ ಇರುತ್ತಾರೆ, ಅವರು ಎಲ್ಲಿ ಜಾಗ ಬಿಡುತ್ತಾರೆ ಅನ್ನುವುದು ಗೊತ್ತಾಗುತ್ತದೆ. ಒಬ್ಬರೇ ಎಲ್ಲವನ್ನೂ ನುಡಿಸುವಾಗ ಆ ಹೊತ್ತಿಗೆ ಇನ್ನೂ ಹಾಡೇ ಇರುವುದಿಲ್ಲ. ಖಾಲಿ ಜಾಗ ಸಿಕ್ಕಿದರೆ ಬೆರಳು ಸುಮ್ಮನಿರದು, ಎಲ್ಲವನ್ನೂ ತುಂಬಿಬಿಡುತ್ತದೆ. ಆಮೇಲೆ ಹಾಡಲು ಹೋದರೆ ದನಿಗೆ ಕಾಲಿಡಲು ಎಡೆಯಿಲ್ಲ. ಹಾಗಾಗಿ ನಾನು ಬೇಸನ್ನು ಎರಡು ಸಲ ರೆಕಾರ್ಡ್ ಮಾಡುತ್ತೇನೆ: ಮೊದಲು ಡ್ರಮ್ಸ್‌ಗೆ ದಾರಿ ತೋರಿಸಲು, ಎರಡನೆಯ ಸಲ ಗಾಯನ ಮುಗಿದ ಮೇಲೆ. 1967ರ ಹೊತ್ತಿಗೆ ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ ಹಲವು ಹಾಡುಗಳಿಗೆ ಬೇಸನ್ನು ಉಳಿದುದೆಲ್ಲ ಆದ ಮೇಲೆ ಬೇರೆ ಟ್ರ್ಯಾಕಿನಲ್ಲಿ ನುಡಿಸುತ್ತಿದ್ದರು. ಅವರ ಆಗಿನ ಬೇಸ್ ದನಿಯ ಸುತ್ತ ಅಷ್ಟು ಸಲೀಸಾಗಿ ಓಡಾಡುವುದಕ್ಕೆ ಅದೂ ಒಂದು ಕಾರಣ ಅಂತ ನನ್ನ ನಂಬಿಕೆ.

ಕ್ರಮ ಹೀಗೆ: ಕ್ಲಿಕ್ (ಲಯ ಎಣಿಸುವ ಟಿಕ್ ಟಿಕ್ ಸದ್ದು) ಹಾಕಿಕೊಂಡು ಗಿಟಾರ್ ಮತ್ತು ದನಿಯ ಕಚ್ಚಾ ಟೇಕ್, ಅದರ ಮೇಲೆ ಕಚ್ಚಾ ಬೇಸ್, ಆಮೇಲೆ ಡ್ರಮ್ಸ್, ಗಿಟಾರ್, ಕೀಬೋರ್ಡ್, ಗಾಯನ, ಕೊನೆಗೆ ನಿಜವಾದ ಬೇಸ್. ಕ್ಲಿಕ್ಕನ್ನು ಹಾಡಿನುದ್ದಕ್ಕೂ ಒಂದೇ ವೇಗದಲ್ಲಿ ಇಡುವುದಿಲ್ಲ. ಚರಣ ನಿಮಿಷಕ್ಕೆ 112 ಎಣಿಕೆ ಇದ್ದರೆ ಪಲ್ಲವಿಗೆ 114. ತಂಡದಲ್ಲಿ ಹುರುಪು ಏರಿದಾಗ ವೇಗ ತಾನಾಗಿ ಏರುತ್ತದೆ, ಒಬ್ಬರೇ ಇರುವಾಗ ಅದನ್ನು ಮೊದಲೇ ಬರೆದಿಡಬೇಕು.

ಒಂದೇ ಕೈ ಎಲ್ಲವನ್ನೂ ನುಡಿಸಿದಾಗ ಆ ಕೈಯ ಲಯದ ಚಾಳಿಯೂ ಎಲ್ಲ ವಾದ್ಯಗಳಲ್ಲಿ ಬರುತ್ತದೆ. ಮುಂದೆ ಓಡುವ ಕೈ ಡ್ರಮ್ಸ್‌ನಲ್ಲೂ ಓಡುತ್ತದೆ, ಗಿಟಾರಿನಲ್ಲೂ ಓಡುತ್ತದೆ. ಇದಕ್ಕೆ ನಾನು ಕಂಡುಕೊಂಡ ಉಪಾಯ ಕಿವಿಗೆ ಬೀಳುವುದನ್ನು ಬದಲಿಸುವುದು. ಡ್ರಮ್ಸ್ ಸಿದ್ಧವಾದ ಮೇಲೆ ಕ್ಲಿಕ್ ಬಂದ್. ಗಿಟಾರ್ ನುಡಿಸುವಾಗ ಡ್ರಮ್ಸ್ ಮತ್ತು ಕಚ್ಚಾ ಬೇಸ್ ಮಾತ್ರ ಕೇಳುತ್ತೇನೆ. ಕೊನೆಯ ಬೇಸಿಗೆ ಗಿಟಾರುಗಳೂ ಮ್ಯೂಟ್, ಡ್ರಮ್ಸ್ ಮತ್ತು ಗಾಯನ ಎರಡೇ.

ಇದಕ್ಕೂ ಮೊದಲು ನೋಡಲೇಬೇಕಾದ್ದು ರೆಕಾರ್ಡಿಂಗ್ ವ್ಯವಸ್ಥೆಯ ವಿಳಂಬ. 48 ಕಿಲೋಹರ್ಟ್ಸ್‌ನಲ್ಲಿ 128 ಸ್ಯಾಂಪಲ್ ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟುಕೊಳ್ಳುವ ಶಬ್ದದ ತುಣುಕು) ಅಂದರೆ ಒಂದು ದಿಕ್ಕಿಗೆ ಸುಮಾರು 2.7 ಮಿಲಿಸೆಕೆಂಡ್, ಅದನ್ನು ಸಹಿಸಬಹುದು. 1024 ಇಟ್ಟರೆ 21 ದಾಟುತ್ತದೆ, ಸಾಫ್ಟ್‌ವೇರ್ ಮೂಲಕ ನಿಮ್ಮದೇ ನಾದವನ್ನು ಕೇಳುತ್ತಾ ನುಡಿಸುವುದು ಅಸಾಧ್ಯವಾಗುತ್ತದೆ. ಆದರೆ ಹೆಚ್ಚು ಅಪಾಯ ಇರುವುದು ಕಿವಿಗೆ ತಿಳಿಯದ ತಪ್ಪಿನಲ್ಲಿ: ರೆಕಾರ್ಡ್ ಆದ ಟ್ರ್ಯಾಕನ್ನು ಸಾಫ್ಟ್‌ವೇರ್ ಸರಿಯಾದ ಜಾಗದಲ್ಲಿ ಕೂರಿಸದೇ ಇರುವುದು. ಪ್ರತಿ ಓವರ್‌ಡಬ್ (ಹಿಂದಿನ ಟ್ರ್ಯಾಕ್ ಕೇಳುತ್ತಾ ಸೇರಿಸುವ ಹೊಸ ಟ್ರ್ಯಾಕ್) 5 ಮಿಲಿಸೆಕೆಂಡ್ ತಡವಾಗಿ ಕೂತರೆ, ಕ್ಲಿಕ್ ಕೇಳಿ ನುಡಿಸಿದ ಡ್ರಮ್ಸ್ 5 ತಡ, ಡ್ರಮ್ಸ್ ಕೇಳಿ ನುಡಿಸಿದ ಗಿಟಾರ್ 10 ತಡ, ಆ ಗಿಟಾರ್ ಕೇಳಿ ನುಡಿಸಿದ ಕೀಬೋರ್ಡ್ 15 ತಡ. ಒಂದೊಂದು ಟೇಕೂ ಚೆನ್ನಾಗಿದೆ ಅನ್ನಿಸುತ್ತದೆ, ಒಟ್ಟಿಗೆ ಕೇಳಿದರೆ ಹಾಡು ಜೋಲು ಬಿದ್ದಿರುತ್ತದೆ. ಪರೀಕ್ಷೆ ಸುಲಭ. ಹೆಡ್‌ಫೋನ್ ಮತ್ತು ಸ್ಪೀಕರ್ ದನಿ ಇಳಿಸಿ, ಇಂಟರ್‌ಫೇಸಿನ (ವಾದ್ಯ, ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) ಔಟ್‌ಪುಟ್ಟಿನಿಂದ ಅದರದೇ ಇನ್‌ಪುಟ್ಟಿಗೆ ಕೇಬಲ್ ಹಾಕಿ, ಒಂದು ಟ್ರ್ಯಾಕಿನ ಕ್ಲಿಕ್ಕನ್ನು ಇನ್ನೊಂದರಲ್ಲಿ ರೆಕಾರ್ಡ್ ಮಾಡಿ, ಎರಡನ್ನೂ ಹಿಗ್ಗಿಸಿ ನೋಡಿ. ಅಂತರ ಎಷ್ಟು ಸ್ಯಾಂಪಲ್ ಇದೆಯೋ ಅಷ್ಟನ್ನು ಸಾಫ್ಟ್‌ವೇರಿನ ರೆಕಾರ್ಡಿಂಗ್ ಆಫ್‌ಸೆಟ್ ಸೆಟ್ಟಿಂಗಿನಲ್ಲಿ ತುಂಬಿ, ಮತ್ತೊಮ್ಮೆ ರೆಕಾರ್ಡ್ ಮಾಡಿ ಖಚಿತಪಡಿಸಿಕೊಳ್ಳಿ.

ವಾದ್ಯದ ತಯಾರಿಯೂ ಕೊನೆಯ ಟೇಕಿನ ಹಿಂದಿನ ದಿನವೇ ಆಗಬೇಕು. 45–105 ದಪ್ಪದ (ಇಂಚಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ) ತಂತಿ ಹೊಸದಾಗಿ ಹಾಕಿ, ಎಳೆದು ಎಳೆದು ಮತ್ತೆ ಶ್ರುತಿ ಮಾಡಿ ಒಂದು ರಾತ್ರಿ ಬಿಡುತ್ತೇನೆ. 12ನೇ ಫ್ರೆಟ್ಟಿನಿಂದ ತಂತಿಯ ಎತ್ತರ: ಇ ತಂತಿಗೆ 2.5, ಜಿ ತಂತಿಗೆ 2 ಮಿಲಿಮೀಟರ್ ನನ್ನ ಕೈಗೆ ಸರಿ. 12ನೇ ಫ್ರೆಟ್ಟಿನ ಹಾರ್ಮೋನಿಕ್‌ಗಿಂತ (ತಂತಿಯನ್ನು ಒತ್ತದೆ ಸುಮ್ಮನೆ ಮುಟ್ಟಿ ಮೀಟಿದ ಸ್ವರ) ಅಲ್ಲೇ ಒತ್ತಿದ ಸ್ವರ ಏರಿದ್ದರೆ ಬ್ರಿಜ್ಜಿನ ಸ್ಯಾಡಲ್ (ತಂತಿ ಕೂರುವ ತುಂಡು) ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ. ಟ್ಯೂನರ್ ನೋಡುವಾಗ ತಂತಿಯನ್ನು ಮೆಲ್ಲಗೆ ಮೀಟಬೇಡಿ, ಹಾಡಿನಲ್ಲಿ ಮೀಟುವಷ್ಟೇ ಜೋರಾಗಿ ಮೀಟಿ. ಬಲವಾಗಿ ಮೀಟಿದ ತಂತಿ ಮೊದಲ ಕ್ಷಣದಲ್ಲಿ ಶ್ರುತಿಗಿಂತ ಮೇಲಿರುತ್ತದೆ, ಅದು ಕೀಬೋರ್ಡಿನ ಕದಲದ ಶ್ರುತಿಯ ಪಕ್ಕದಲ್ಲಿ ಎದ್ದು ಕೇಳುತ್ತದೆ.

ಬೇಸನ್ನು ಇಂಟರ್‌ಫೇಸಿನ ವಾದ್ಯದ ಇನ್‌ಪುಟ್ಟಿಗೇ ಹಾಕಬೇಕು. ಪ್ಯಾಸಿವ್ ಪಿಕಪ್ಪನ್ನು ಲೈನ್ ಇನ್‌ಪುಟ್ಟಿಗೆ ಕೊಟ್ಟರೆ ಮೇಲಿನ ನಾದವೆಲ್ಲ ಮಂಕಾಗುತ್ತದೆ. ಜೊತೆಗೆ ಆಂಪಿಗೂ ಮೈಕ್ ಇಟ್ಟಿದ್ದರೆ ಇನ್ನೊಂದು ತೊಡಕು ಬರುತ್ತದೆ. ಶಬ್ದ ಒಂದು ಮಿಲಿಸೆಕೆಂಡಿನಲ್ಲಿ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ. ಮೈಕ್ ಅಷ್ಟು ದೂರವಿದ್ದರೆ ಎರಡೂ ಟ್ರ್ಯಾಕ್ ಬೆರೆತಾಗ 500 ಹರ್ಟ್ಸ್ ಸುತ್ತಮುತ್ತ ನಾದ ಒಂದಕ್ಕೊಂದು ಹೊಡೆದುಹಾಕಿ ಬೇಸ್ ಟೊಳ್ಳಾಗುತ್ತದೆ. ಮೈಕ್ ಟ್ರ್ಯಾಕನ್ನು 48 ಸ್ಯಾಂಪಲ್ (48 ಕಿಲೋಹರ್ಟ್ಸ್‌ನಲ್ಲಿ ಒಂದು ಮಿಲಿಸೆಕೆಂಡ್) ಬೇಗ ಶುರುವಾಗುವಂತೆ ಎಳೆದು, ಪೊಲಾರಿಟಿ (ಅಲೆಯ ಮೇಲು ಕೆಳಗು) ತಿರುಗಿಸಿ ನೋಡಿ, ಯಾವುದರಲ್ಲಿ ತಳ ಗಟ್ಟಿಯಾಗಿ ಕೇಳುತ್ತದೋ ಅದನ್ನು ಉಳಿಸಿಕೊಳ್ಳುತ್ತೇನೆ.

ಈಗ ಕೊನೆಯ ಬೇಸ್. ನುಡಿಸುವ ಮೊದಲು ಗಾಯನವನ್ನೊಂದೇ ಕೇಳಿ, ದನಿ ಉಸಿರು ತೆಗೆದುಕೊಳ್ಳುವ ಜಾಗಗಳನ್ನೆಲ್ಲ ಸಾಹಿತ್ಯದ ಹಾಳೆಯಲ್ಲಿ ಗುರುತು ಮಾಡುತ್ತೇನೆ. ಮಾತು ಒತ್ತಾಗಿರುವ ಸಾಲಿನಲ್ಲಿ ಕಾರ್ಡಿನ ಮೂಲಸ್ವರ, ಅದೂ ಉದ್ದಕ್ಕೆ. ಓಡಾಟವೇನಿದ್ದರೂ ಗುರುತಿನ ಜಾಗದಲ್ಲಿ. ಕಿಕ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್) ಬಿದ್ದಲ್ಲೆಲ್ಲ ಬೇಸ್ ಬೀಳಬೇಕಿಲ್ಲ, ಒಂದನೇ ಎಣಿಕೆಯಲ್ಲಿ ಎರಡೂ ಒಟ್ಟಿಗೆ ಬಿದ್ದರೆ ಸಾಕಷ್ಟು ಬಿಗಿ ಬರುತ್ತದೆ. ಸ್ವರ ಶುರುವಾಗುವುದಕ್ಕೆ ಕೊಡುವಷ್ಟೇ ಗಮನ ಅದು ನಿಲ್ಲುವುದಕ್ಕೂ ಕೊಡಬೇಕು. ಸ್ನೇರ್ (ಚಟ್ ಎನ್ನುವ ಚಿಕ್ಕ ಡ್ರಮ್) ಬೀಳುವ ಕ್ಷಣಕ್ಕೆ ಎಡಗೈ ಸಡಿಲಿಸಿ ತಂತಿಯ ನಾದ ನಿಲ್ಲಿಸಿದರೆ ಸ್ನೇರ್ ಎರಡರಷ್ಟು ದೊಡ್ಡದಾಗಿ ಕೇಳುತ್ತದೆ. ಅದೇ ಸ್ವರ ಸ್ನೇರಿನ ಮೇಲೂ ಹರಿದರೆ ಪಲ್ಲವಿ ಅಗಲವಾಗುತ್ತದೆ. ಚರಣದಲ್ಲಿ ಮೊದಲನೆಯದು, ಪಲ್ಲವಿಯಲ್ಲಿ ಎರಡನೆಯದು: ಒಂದೂ ಸ್ವರ ಬದಲಿಸದೆ ಹಾಡಿನ ಎರಡು ಭಾಗ ಬೇರೆ ಬೇರೆ ಆಗುತ್ತವೆ.

ಮಿಕ್ಸಿಂಗಿನಲ್ಲಿ 35 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿ, ಕಿಕ್‌ಗೆ 60ರ ಸುತ್ತ, ಬೇಸಿಗೆ 90ರ ಸುತ್ತ ಜಾಗ ಕೊಡುತ್ತೇನೆ. ಕಂಪ್ರೆಸರ್ (ಜೋರಾದ ಸದ್ದನ್ನು ತಗ್ಗಿಸುವ ಸಾಧನ) 4:1, ಅದು ಹಿಡಿತ ಬಿಗಿಯಲು ತೆಗೆದುಕೊಳ್ಳುವ ಹೊತ್ತು, ಅಂದರೆ ಅಟ್ಯಾಕ್, 25 ಮಿಲಿಸೆಕೆಂಡ್. ಅದಕ್ಕಿಂತ ತೀರಾ ಚುರುಕು ಮಾಡಿದರೆ ಬೆರಳಿನ ಪೆಟ್ಟೇ ಸತ್ತುಹೋಗುತ್ತದೆ. ಬಿಡಿ ಇ ತಂತಿ 41 ಹರ್ಟ್ಸ್. ಫೋನಿನ ಸ್ಪೀಕರಿಗೆ ಅದು ಎಟಕುವುದೇ ಇಲ್ಲ. ಬೇಸ್ ಟ್ರ್ಯಾಕನ್ನು ನಕಲು ಮಾಡಿ, 200 ಹರ್ಟ್ಸ್ ಕೆಳಗಿನದನ್ನು ತೆಗೆದು, ಸ್ವಲ್ಪ ಡಿಸ್ಟಾರ್ಷನ್ ಕೊಟ್ಟು ಅಡಿಯಲ್ಲಿ ಬೆರೆಸಿದರೆ, ಮೇಲಿನ ನಾದಗಳಿಂದಲೇ ಕಿವಿ ಕೆಳಗಿನ ಸ್ವರವನ್ನು ಊಹಿಸಿಕೊಳ್ಳುತ್ತದೆ.

ಇದನ್ನೇ ವೇದಿಕೆಯಲ್ಲಿ ಹಾಡುತ್ತಾ ನುಡಿಸಬೇಕಾದವರು ಮೊದಲು ಬೇಸ್ ಕೈಗೆ ಕೂರುವವರೆಗೆ ಬರೀ ನುಡಿಸಿ, ಆಮೇಲೆ ಮುಕ್ಕಾಲು ವೇಗದಲ್ಲಿ ಸಾಹಿತ್ಯವನ್ನು ಲಯಕ್ಕೆ ಸರಿಯಾಗಿ ಬರೀ ಮಾತಿನಂತೆ ಹೇಳಿ, ಕೊನೆಗೆ ಹಾಡಿ. ರಷ್ ತಂಡದ ಗೆಡ್ಡಿ ಲೀ ಬೇಸ್, ಕೀಬೋರ್ಡ್ ಮತ್ತು ಗಾಯನ ಮೂರನ್ನೂ ವೇದಿಕೆಯಲ್ಲಿ ನಿಭಾಯಿಸಿದ್ದು ಕಾಲಡಿಯ ಬೇಸ್ ಪೆಡಲುಗಳ ಬಲದಿಂದ: ಕೈ ಕೀಬೋರ್ಡಿಗೆ ಹೋದಾಗ ಮಂದ್ರವನ್ನು ಕಾಲು ಹಿಡಿಯುತ್ತಿತ್ತು. ಪೆಡಲ್ ಬಳಸುವುದಾದರೆ ಸ್ವರ ಬದಲಾಗುವ ಜಾಗಗಳನ್ನು ಬೇಸ್ ಹೊರುವ ಮೊದಲೇ, ಕೂತು, ಕಾಲಿನಿಂದಷ್ಟೇ ಕಲಿಯಿರಿ.