ಮಾವನ ಅಡಿಕೆ ಮಂಡಿ ಆಡಿಟ್ ಮಾಡಿ ಪಾರ್ಟ್ನರ್ ರೌಂಡ್ ದಾಟಿದೆ

2024ರ ಸೆಪ್ಟೆಂಬರ್ ಅಟೆಂಪ್ಟ್‌ನಲ್ಲಿ ಸಿಎ ಇಂಟರ್ ಪರೀಕ್ಷೆಯ ಎರಡೂ ಗ್ರೂಪ್ ಒಟ್ಟಿಗೆ ಪಾಸಾದೆ. ಅಕ್ಟೋಬರ್ ಕೊನೆಗೆ ರಿಸಲ್ಟ್ ಬಂತು. ಫೆಬ್ರವರಿಯಲ್ಲಿ ಬೆಂಗಳೂರಿನ ಒಂದು ಬಿಗ್ ಫೋರ್ ಫರ್ಮ್‌ನಲ್ಲಿ (ಜಗತ್ತಿನ ನಾಲ್ಕು ದೊಡ್ಡ ಆಡಿಟ್ ಸಂಸ್ಥೆಗಳಲ್ಲಿ ಒಂದು) ಆರ್ಟಿಕಲ್‌ಶಿಪ್, ಅಂದರೆ ಸಿಎ ಆಗೋಕೆ ಮಾಡಲೇಬೇಕಾದ ತರಬೇತಿ, ಸಿಕ್ಕಿತು, ನಾನು ಬಯಸಿದ ಆಡಿಟ್ ವಿಭಾಗದಲ್ಲೇ. ನಡುವೆ ಎರಡು ಸಲ ಪಾರ್ಟ್ನರ್ ರೌಂಡ್‌ವರೆಗೆ, ಅಂದರೆ ಫರ್ಮ್‌ನ ಪಾರ್ಟ್ನರ್ ಮಾಡುವ ಕೊನೆಯ ಇಂಟರ್‌ವ್ಯೂವರೆಗೆ ಹೋಗಿ ಬರಿಗೈಲಿ ವಾಪಸ್ ಬಂದಿದ್ದೆ. ಮೂರನೇ ಸಲಕ್ಕೆ ನಾನು ಮಾಡಿದ ತಯಾರಿ ಕೇಳಿ ರೂಮ್‌ಮೇಟ್, ಕೋಚಿಂಗ್‌ನ ಸೀನಿಯರ್‌ಗಳು, ಕೊನೆಗೆ ಅಪ್ಪ ಕೂಡ "ಇದು ಆಗೋ ಹೋಗೋ ಮಾತಲ್ಲ" ಅಂದಿದ್ದರು. ಆಯ್ತು. ಅದಕ್ಕೇ ಬರೆಯುತ್ತಿದ್ದೇನೆ.

ಆಪ್ಟಿಟ್ಯೂಡ್ ಟೆಸ್ಟ್, ಎಚ್‌ಆರ್ ಫೋನ್, ಮ್ಯಾನೇಜರ್ ರೌಂಡ್ ಬಗ್ಗೆ ಹೇಳೋಕೆ ಹೊಸದೇನಿಲ್ಲ. ಇಂಟರ್ ಓದಿದ್ದು ನೆನಪಿದ್ದರೆ ದಾಟಬಹುದು. ನನ್ನನ್ನು ಎರಡು ಸಲ ಕೆಡವಿದ್ದು ಕೊನೆಯ ಅರ್ಧ ಗಂಟೆ.

ಮೊದಲ ಸಲ ನವೆಂಬರ್‌ನಲ್ಲಿ. ಆಡಿಟ್‌ನ ನಿಯಮಗಳಾದ ಸ್ಟ್ಯಾಂಡರ್ಡ್ಸ್ ಆನ್ ಆಡಿಟಿಂಗ್ (ಎಸ್‌ಎ) 200ರಿಂದ 700ರ ಸರಣಿವರೆಗೆ ನಂಬರ್ ಸಮೇತ ಬಾಯಿಗೆ ಬರುತ್ತಿತ್ತು. ಪಾರ್ಟ್ನರ್ ಎಕ್ಸ್‌ಟರ್ನಲ್ ಕನ್ಫರ್ಮೇಶನ್ ಬಗ್ಗೆ, ಅಂದರೆ ಬ್ಯಾಂಕ್, ಸಾಲಗಾರರಂಥ ಹೊರಗಿನವರಿಗೆ ಪತ್ರ ಬರೆದು ಲೆಕ್ಕ ಖಚಿತಪಡಿಸಿಕೊಳ್ಳೋದರ ಬಗ್ಗೆ ಕೇಳಿದರು. ಎಸ್‌ಎ 505 ಅಂತ ಹೇಳಿ ಡೆಫಿನಿಷನ್ ಒಪ್ಪಿಸಿದೆ. "ಸರಿ, ಆ ಪತ್ರವನ್ನ ಪೋಸ್ಟ್ ಮಾಡೋರು ಯಾರು?" ಅಂದರು. "ಕಂಪನಿಯ ಅಕೌಂಟ್ಸ್ ಡಿಪಾರ್ಟ್‌ಮೆಂಟ್" ಅಂದೆ. ಅವರು ಪೆನ್ ಕೆಳಗಿಟ್ಟರು. ಪತ್ರ ಹೋಗೋದು, ಉತ್ತರ ಬರೋದು ಎರಡೂ ಆಡಿಟರ್ ಕೈಯಲ್ಲೇ ಇರಬೇಕು. ಅದನ್ನು ನಾನು ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಒಂದು ಸಲವೂ ಕೈಯಾರೆ ಮಾಡಿರಲಿಲ್ಲ ಅಷ್ಟೇ.

ಎರಡನೇ ಸಲಕ್ಕೆ ದುಡ್ಡು ಸುರಿದೆ. ಮಾಕ್ ಇಂಟರ್‌ವ್ಯೂ ಪ್ಯಾಕೇಜ್‌ಗೆ ನಾಲ್ಕೂವರೆ ಸಾವಿರ. ಬ್ಲೇಜರ್ ಮತ್ತು ಶೂಗೆ ಆರು ಸಾವಿರದ ಹತ್ತಿರ. ವಿಜಯನಗರದ ಪಿಜಿಗೆ ತಿಂಗಳಿಗೆ 8,500. ಓಡಾಟ, ಊಟ ಎಲ್ಲಾ ಸೇರಿ ಡಿಸೆಂಬರ್ ಹೊತ್ತಿಗೆ 40 ಸಾವಿರ ದಾಟಿತ್ತು. ಅಪ್ಪನಿಗೆ ಅದು ಸಣ್ಣ ಮೊತ್ತ ಅಲ್ಲ. ಮಾಕ್‌ನವರು "ನಿಮ್ಮ ಬಗ್ಗೆ ಹೇಳಿ" ಅನ್ನೋದಕ್ಕೆ ಎರಡು ನಿಮಿಷದ ಭಾಷಣ ಬರೆದುಕೊಟ್ಟರು. ನಿಜವಾದ ಇಂಟರ್‌ವ್ಯೂನಲ್ಲಿ ನಲವತ್ತು ಸೆಕೆಂಡ್ ಆಗಿತ್ತೋ ಇಲ್ಲವೋ, "ಬಾಯಿಪಾಠ ಮಾಡಿದ್ದು ಸಾಕು, ಒಂದು ಆಡಿಟ್ ರಿಪೋರ್ಟ್ ಓದಿದ್ದರೆ ಅದರ ಬಗ್ಗೆ ಹೇಳಿ" ಅಂದರು. ಇನ್ಫೋಸಿಸ್ ಅಂದೆ. ಅದರ ಕೀ ಆಡಿಟ್ ಮ್ಯಾಟರ್‌ನ (ಆಡಿಟರ್ ಹೆಚ್ಚು ಗಮನ ಕೊಟ್ಟ ವಿಷಯ) ತಲೆಬರಹ ಹೇಳಿದೆ: ಫಿಕ್ಸೆಡ್ ಪ್ರೈಸ್ ಕಾಂಟ್ರ್ಯಾಕ್ಟ್, ಪರ್ಸೆಂಟೇಜ್ ಆಫ್ ಕಂಪ್ಲೀಷನ್ (ಕೆಲಸ ಎಷ್ಟು ಮುಗಿದಿದೆಯೋ ಅಷ್ಟು ಆದಾಯ ತೋರಿಸೋದು). "ಅದರಲ್ಲಿ ಕಷ್ಟ ಏನು? ಆಡಿಟರ್ ಏನು ಮಾಡಿದರು?" ಎರಡಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ.

ಆ ವಾರವೇ ಒಂದು ಮಧ್ಯಮ ಗಾತ್ರದ ಫರ್ಮ್‌ನಿಂದ ಎಂಟು ಸಾವಿರ ಸ್ಟೈಪೆಂಡ್‌ಗೆ ಆಫರ್ ಬಂತು. ಎಲ್ಲರೂ ಸೇರಿಕೋ ಅಂದರು. ಹೊಸ ಸ್ಕೀಮ್‌ನಲ್ಲಿ ಇರೋದೇ 2 ವರ್ಷ, ಅದನ್ನ ನನಗೆ ಬೇಕಾದ ಕಡೆಯೇ ಕಳೆಯಬೇಕು ಅಂತ ನನ್ನ ಹಟ. ಬೇಡ ಅಂದು ಶಿವಮೊಗ್ಗಕ್ಕೆ ರೈಲು ಹತ್ತಿದೆ.

ನಮ್ಮ ಸೋದರಮಾವನದು ಅಡಿಕೆ ಮಂಡಿ. ನನಗೆ ಹೊಳೆದದ್ದು ಇಷ್ಟೇ: ಕೆಲಸ ಮಾಡಿ ಗೊತ್ತಿಲ್ಲ ಅನ್ನೋದೇ ತೊಂದರೆ ಆದರೆ, ಕೆಲಸವನ್ನ ಮಾಡಿಯೇಬಿಡೋಣ. "ಮಾವ, ನಿಮ್ಮ ಮಂಡಿ ಆಡಿಟ್ ಮಾಡ್ತೀನಿ" ಅಂದೆ. "ನನ್ನ ಮೇಲೇ ಅನುಮಾನ ಏನೋ ಮಾರಾಯ?" ಅಂದರು. ಅತ್ತೆ ಹೇಳಿದ ಮೇಲೆ ಒಪ್ಪಿದರು. ರೂಮ್‌ಮೇಟ್ ಫೋನ್‌ನಲ್ಲಿ, "ಅಂಗಡಿ ಲೆಕ್ಕ ಕೇಳೋಕೆ ಪಾರ್ಟ್ನರ್ ಕೂತಿರ್ತಾರಾ? ಸುಮ್ನೆ ಸ್ಟ್ಯಾಂಡರ್ಡ್ಸ್ ಓದು" ಅಂದ.

ಹನ್ನೆರಡು ದಿನ ಕೂತೆ. ಕೊಯ್ಲಿನ ಕಾಲ, ಗೋಡೌನ್ ತುಂಬ ಚೀಲ. ಮೊದಲ ದಿನ ಬೆಳಿಗ್ಗೆ ಏಳಕ್ಕೆ, ವ್ಯಾಪಾರ ಶುರುವಾಗೋ ಮೊದಲೇ ಎಣಿಸಿದೆ. ಪುಸ್ತಕದಲ್ಲಿ 212 ಚೀಲ. ನೆಲದ ಮೇಲೆ 219. ಎರಡು ಸಲ ಎಣಿಸಿದರೂ 219. ಏಳು ಚೀಲ ಹಿಂದಿನ ದಿನ ಸಂಜೆ ಬಂದಿದ್ದವು, ಗುಮಾಸ್ತರು ಆರು ಗಂಟೆಗೆ ಪುಸ್ತಕ ಮುಚ್ಚಿ ಹೋಗಿದ್ದರು. ಮಾರನೇ ದಿನ ಬಂದು ಬರೆಯುತ್ತಾರಂತೆ. ಇದೇ ಮಾರ್ಚ್ 31ರ ಸಂಜೆ ಆಗಿದ್ದರೆ? ಕಟ್-ಆಫ್ (ಯಾವ ವ್ಯವಹಾರ ಯಾವ ವರ್ಷದ ಲೆಕ್ಕಕ್ಕೆ ಸೇರಬೇಕು ಅನ್ನೋದು) ಅಂತ ಪುಸ್ತಕದಲ್ಲಿ ಎಷ್ಟು ಸಲ ಓದಿದ್ದೇನೋ, ಆ ಏಳು ಚೀಲದ ಮುಂದೆ ನಿಂತಾಗ ಮೊದಲ ಸಲ ಅರ್ಥ ಆಯ್ತು.

ಆಮೇಲೆ ಉತ್ಸಾಹದಲ್ಲಿ ತೂಕ ಅಂದಾಜು ಹಾಕಿ, ಆಗಿನ ರಾಶಿ ಅಡಿಕೆಯ ದರದಿಂದ ಗುಣಿಸಿ, 70 ಲಕ್ಷ ಚಿಲ್ಲರೆ ಕ್ಲೋಸಿಂಗ್ ಸ್ಟಾಕ್ ಅಂತ ಬರೆದು ಮಾವನಿಗೆ ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ನೋಡಿ, "ಇದರಲ್ಲಿ ಒಂದು ಕಾಯಿನೂ ನನ್ನದಲ್ಲ ಕಣೋ. ಎಲ್ಲಾ ಬೆಳೆಗಾರರದು. ರೇಟ್ ಬರ್ಲಿ ಅಂತ ಇಟ್ಟು ಹೋಗಿದ್ದಾರೆ" ಅಂದರು. ಪ್ರತಿ ಚೀಲದ ಬಾಯಲ್ಲಿ ಬೆಳೆಗಾರರ ಹೆಸರಿನ ಚೀಟಿ ಇತ್ತು. ಎಣಿಸುವಾಗ ನಾನು ಅದನ್ನ ನೋಡಿಯೂ ಓದಿರಲಿಲ್ಲ. ಮಾವ ಕಮಿಷನ್ ಏಜೆಂಟ್. ಅವರ ಆದಾಯ ಕಮಿಷನ್ ಮಾತ್ರ, ಅಡಿಕೆಯ ಬೆಲೆ ಅಲ್ಲ. ಆದಾಯದ ಬಗ್ಗೆ ಇರೋ ಅಕೌಂಟಿಂಗ್ ಸ್ಟ್ಯಾಂಡರ್ಡ್ ಇಂಡ್ ಎಎಸ್ 115ರ ಪ್ರಿನ್ಸಿಪಲ್ (ಸ್ವಂತ ಸರಕು ಮಾರುವವ), ಏಜೆಂಟ್ (ಬೇರೆಯವರ ಪರವಾಗಿ ಮಾರುವವ) ವ್ಯತ್ಯಾಸವನ್ನ ಇದಕ್ಕಿಂತ ಚೆನ್ನಾಗಿ ಯಾವ ಮೇಷ್ಟ್ರೂ ನನಗೆ ಹೇಳಿಕೊಟ್ಟಿರಲಿಲ್ಲ. ಮಂಡಿಗೆ ಇಂಡ್ ಎಎಸ್ ಅನ್ವಯಿಸಲ್ಲ, ಅದು ಬೇರೆ ಮಾತು.

ಇನ್ನೊಂದು ದೊಡ್ಡ ವಿಷಯ ಬೆಳೆಗಾರರಿಗೆ ಕೊಟ್ಟ ಮುಂಗಡ. ಮಳೆಗಾಲದಲ್ಲಿ ಕೊಡ್ತಾರೆ, ಅಡಿಕೆ ಬಂದಾಗ ಮುರಿದುಕೊಳ್ತಾರೆ. ಮೂವತ್ತು ಚಿಲ್ಲರೆ ಹೆಸರು ಇದ್ದವು. ಹತ್ತು ಜನರನ್ನ ಆರಿಸಿ, ಮಾವನ ಒಪ್ಪಿಗೆ ಪಡೆದು ಫೋನ್ ಮಾಡಿದೆ. ನವೆಂಬರ್‌ನ ಪೆಟ್ಟು ನೆನಪಿತ್ತು. ಹಾಗಾಗಿ ಗುಮಾಸ್ತರು ಕೊಟ್ಟ ನಂಬರ್‌ಗೆ ಮಾಡಲಿಲ್ಲ, ಆಯಾ ಊರಿನ ಬೇರೆಯವರಿಂದ ನಂಬರ್ ಕೇಳಿ ಪಡೆದೆ. ಆರು ಜನರ ಲೆಕ್ಕ ಸರಿಹೋಯ್ತು. ಇಬ್ಬರು ಫೋನ್ ಎತ್ತಲಿಲ್ಲ, ಅವರ ಅಡಿಕೆ ಆಮೇಲೆ ಬಂದು ಮುಂಗಡ ಮುರಿದಿದ್ದನ್ನ ಪಟ್ಟಿಯಲ್ಲಿ ನೋಡಿ ಖಾತ್ರಿ ಮಾಡಿಕೊಂಡೆ. ಒಬ್ಬರು "ನಾನು ತಗೊಂಡಿದ್ದು ನಲವತ್ತು ಸಾವಿರ" ಅಂದರು, ಪುಸ್ತಕದಲ್ಲಿ ಐವತ್ತು. ಅರ್ಧ ದಿನ ಹುಡುಕಿದೆ. ಹತ್ತು ಸಾವಿರವನ್ನ ಅವರ ಮಗ ಒಯ್ದಿದ್ದ, ವೋಚರ್‌ನಲ್ಲಿ ಅವನ ಸಹಿ ಇತ್ತು, ಅಪ್ಪನಿಗೆ ಹೇಳಿರಲಿಲ್ಲ. ಹತ್ತನೆಯವರದು ಇವತ್ತಿಗೂ ಬಗೆಹರಿದಿಲ್ಲ. ಅದನ್ನೂ ಹಾಗೇ ಬರೆದಿಟ್ಟೆ.

ಬರೆಯೋ ಕ್ರಮ ಹೀಗಿತ್ತು. ನೂರು ಪುಟದ ಪುಸ್ತಕ, ಒಂದು ವಿಷಯಕ್ಕೆ ಒಂದು ಪುಟ. ಎಲ್ಲಿ ತಪ್ಪಾಗಬಹುದು, ನಾನು ಏನು ಮಾಡಿದೆ, ಏನು ಸಿಕ್ಕಿತು, ಏನು ಗೊತ್ತಾಗಲಿಲ್ಲ. ಒಟ್ಟು ಹದಿನಾಲ್ಕು ಪುಟ ಆಯ್ತು. ರಾತ್ರಿ ಒಂದೊಂದು ಪುಟವನ್ನ ಅಮ್ಮನಿಗೆ ಫೋನ್‌ನಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೆ. ಅಮ್ಮ ಓದಿದ್ದು ಹತ್ತನೇ ಕ್ಲಾಸ್. ಅವಳು "ಅಂದ್ರೆ?" ಅಂತ ಕೇಳಿದ ಕಡೆಯೆಲ್ಲಾ ನನಗೇ ಸರಿಯಾಗಿ ಗೊತ್ತಿರುತ್ತಿರಲಿಲ್ಲ. ಅವಳಿಗೆ ಅರ್ಥ ಆದ ಮೇಲೆ ಅದನ್ನೇ ಇಂಗ್ಲಿಷ್‌ನಲ್ಲಿ ಫೋನ್‌ಗೆ ರೆಕಾರ್ಡ್ ಮಾಡುತ್ತಿದ್ದೆ, ತೊಂಬತ್ತು ಸೆಕೆಂಡ್ ಮೀರದ ಹಾಗೆ. ಕನ್ನಡ ಮೀಡಿಯಂನಿಂದ ಬಂದವರು ಇದನ್ನ ಮಾಡಿ ನೋಡಿ. ಇಂಗ್ಲಿಷ್ ತಡವರಿಸೋದು ನನಗೆ ಮುಕ್ಕಾಲು ಪಾಲು ನಿಂತಿತು. ಕನ್ನಡಿ ಮುಂದೆ ನಿಂತು ಮಾತಾಡೋದು, ಪೇಪರ್ ಜೋರಾಗಿ ಓದೋದು ಎರಡನ್ನೂ ಮೊದಲೇ ತಿಂಗಳುಗಟ್ಟಲೆ ಮಾಡಿದ್ದೆ, ಏನೂ ಪ್ರಯೋಜನ ಆಗಿರಲಿಲ್ಲ.

ಇನ್ಫೋಸಿಸ್ ರಿಪೋರ್ಟ್‌ಗೂ ಮಂಡಿಯಲ್ಲೇ ದಾರಿ ಸಿಕ್ಕಿತು. ಚೇಣಿ ಹಿಡಿಯುವವರು, ಅಂದರೆ ತೋಟದ ಫಸಲನ್ನ ಗುತ್ತಿಗೆ ಹಿಡಿಯುವವರು, ಮರದ ಮೇಲಿನ ಫಸಲು ನೋಡಿ ಇಷ್ಟು ಕ್ವಿಂಟಾಲ್ ಒಣ ಅಡಿಕೆ ಬರುತ್ತೆ ಅಂತ ಮೊದಲೇ ಅಂದಾಜು ಹಾಕ್ತಾರೆ. ಆ ಅಂದಾಜು ನಂಬಬಹುದಾ ಅಂತ ಮಾವ ಹೇಗೆ ತೀರ್ಮಾನ ಮಾಡ್ತಾರೆ? ಹೋದ ವರ್ಷ ಅದೇ ಮನುಷ್ಯ ಎಷ್ಟು ಹೇಳಿದ್ದ, ನಿಜವಾಗಿ ಎಷ್ಟು ಬಂತು ನೋಡ್ತಾರೆ. ಫಿಕ್ಸೆಡ್ ಪ್ರೈಸ್ ಕಾಂಟ್ರ್ಯಾಕ್ಟ್‌ನಲ್ಲೂ ತೊಡಕು ಅಲ್ಲೇ. ಕೆಲಸ ಮುಗಿಸೋಕೆ ಇನ್ನೆಷ್ಟು ಶ್ರಮ ಬೇಕು ಅನ್ನೋದು ಅಂದಾಜು. ಹಳೆಯ ಅಂದಾಜನ್ನ ನಿಜವಾಗಿ ಆದದ್ದರ ಜೊತೆ ಹೋಲಿಸೋದು ಆಡಿಟರ್ ಮಾಡುವ ಕೆಲಸಗಳಲ್ಲಿ ಒಂದು. ಇದನ್ನು ಕಂಡುಕೊಂಡ ಮೇಲೆ ಇನ್ನೆರಡು ಕಂಪನಿಗಳ ರಿಪೋರ್ಟ್ ಒಂದೊಂದು ಸಂಜೆಯಲ್ಲಿ ಮುಗಿದವು.

ಫೆಬ್ರವರಿ ಮೊದಲ ವಾರ ಮೂರನೇ ಪಾರ್ಟ್ನರ್ ರೌಂಡ್. ಅದೇ ಬ್ಲೇಜರ್. ಮೊದಲ ಪ್ರಶ್ನೆ, ಬ್ಯಾಂಕ್ ಬ್ಯಾಲೆನ್ಸ್ ಹೇಗೆ ಪರಿಶೀಲಿಸ್ತೀರಿ. ಕನ್ಫರ್ಮೇಶನ್ ನಾನೇ ಕಳಿಸ್ತೀನಿ, ಉತ್ತರ ನೇರ ನನಗೇ ಬರಬೇಕು ಅಂದೆ. ಯಾಕಿಷ್ಟು ಕಟ್ಟುನಿಟ್ಟು ಅಂದರು. ಸತ್ಯಂ ಕಂಪ್ಯೂಟರ್ಸ್ ಹಗರಣ ಹೇಳಿದೆ: 2009ರ ಜನವರಿ 7ರ ಪತ್ರದಲ್ಲಿ ಆ ಕಂಪನಿಯ ಅಧ್ಯಕ್ಷ ರಾಮಲಿಂಗ ರಾಜು ಒಪ್ಪಿಕೊಂಡ, ಇಲ್ಲದೇ ಇದ್ದ 5,040 ಕೋಟಿ ನಗದು ಮತ್ತು ಬ್ಯಾಂಕ್ ಬ್ಯಾಲೆನ್ಸ್. ಆಮೇಲೆ "ನೀವೇ ಯಾವತ್ತಾದರೂ ಕನ್ಫರ್ಮೇಶನ್ ಮಾಡಿದ್ದೀರಾ?" ಅಂದರು. ಮಾಡಿದ್ದೇನೆ ಅಂದೆ, ಮಂಡಿ ಶುರುವಾಯ್ತು. ಬೆಳೆಗಾರರ ಹೆಸರು ಹೇಳಲ್ಲ, ಮೊತ್ತಗಳನ್ನೂ ಬದಲಿಸಿದ್ದೇನೆ ಅಂತ ಮೊದಲೇ ಹೇಳಿದೆ. ಆ ಮಾತಿಗೆ ಅವರು ತಲೆ ಎತ್ತಿ ನೋಡಿದರು. ಇಲ್ಲೂ ಅದೇ ನಿಯಮ ಪಾಲಿಸಿದ್ದೇನೆ.

"219 ಎಣಿಸಿದ್ರಿ. ಒಳಗೆ ಅಡಿಕೆನೇ ಇದೆ ಅಂತ ಹೇಗೆ ಗೊತ್ತು?"

ಎಂಟು ಚೀಲ ಬಿಚ್ಚಿಸಿದ್ದೆ. ಅದೂ ಮೇಲಿನ ಸಾಲಿನವಲ್ಲ, ಕೆಳಗಿನ ಸಾಲಿನವು. ಅವನ್ನ ಎಳೆದು ತೆಗೆಯೋಕೆ ಹಮಾಲಿಗಳಿಗೆ ಚಹಾ, ತಿಂಡಿ ಅಂತ ನಾನೂರು ರೂಪಾಯಿ ಖರ್ಚಾಗಿತ್ತು. ಅದನ್ನೂ ಹೇಳಿದೆ. ಮಂಡಿಯ ಮೇಲೇ ಇಪ್ಪತ್ತು ನಿಮಿಷ ಹೋಯ್ತು. ಮಧ್ಯೆ ಗೋಡೌನ್ ಬಾಡಿಗೆಯ ಮೇಲೆ ಇಂಡ್ ಎಎಸ್ 116 ಹಿಡಿದು ಒಂದು ಪ್ರಶ್ನೆ ಬಂತು, ಗೊತ್ತಿರಲಿಲ್ಲ. "ಗೊತ್ತಿಲ್ಲ, ಕರಾರಿನಲ್ಲಿ ಇವೆರಡು ಷರತ್ತು ನೋಡಿ ತೀರ್ಮಾನಿಸ್ತೀನಿ" ಅಂದೆ. ಅವರು ಮುಂದಿನ ಪ್ರಶ್ನೆಗೆ ಹೋದರು. ಕೊನೆಗೆ ನಾನು ಅವರಿಗೆ ಕೇಳಿದ ಎರಡು ಪ್ರಶ್ನೆಗಳನ್ನ ಇಲ್ಲಿ ಬರೆಯಲ್ಲ. ನನ್ನ ತಮ್ಮ ಮುಂದಿನ ವರ್ಷ ಇದೇ ರೌಂಡ್‌ಗೆ ಕೂರ್ತಾನೆ, ಅವನಿಗೆ ಅಂತ ಇಟ್ಟಿದ್ದೇನೆ. ಎಂಟು ಚೀಲ ಯಾವುವು ಅಂತ ಆರಿಸಿದ ರೀತಿಯೂ ಅಷ್ಟೇ.

ಮೂರನೇ ದಿನ ಮೇಲ್ ಬಂತು. ಸ್ಟೈಪೆಂಡ್ ಹದಿನೆಂಟು ಸಾವಿರದ ಆಸುಪಾಸು. ಈ ತಯಾರಿಗೆ ರೈಲು ಚಾರ್ಜ್, ಪುಸ್ತಕ, ಹಮಾಲಿಗಳ ಚಹಾ ಎಲ್ಲಾ ಸೇರಿ ಎರಡು ಸಾವಿರ ಆಗಿರಬಹುದು.

ಎಲ್ಲರ ಮನೆಯಲ್ಲೂ ಮಂಡಿ ಇರಲ್ಲ ನಿಜ. ಮೆಡಿಕಲ್ ಶಾಪ್ ನಡೆಯುತ್ತೆ, ಹಾಲಿನ ಡೈರಿ ನಡೆಯುತ್ತೆ. ಸ್ಟಾಕ್ ಇರಬೇಕು, ಸಾಲ ಕೊಟ್ಟಿರಬೇಕು, ಪುಸ್ತಕ ಬರೆಯೋರು ಬೇರೆ ಇರಬೇಕು. ಹತ್ತು ದಿನಕ್ಕಿಂತ ಕಡಿಮೆ ಇಟ್ಟುಕೊಳ್ಳಬೇಡಿ. ನನಗೆ ಮೊದಲ ನಾಲ್ಕು ದಿನದಲ್ಲಿ ಏನೂ ಸಿಕ್ಕಿರಲಿಲ್ಲ, ಆ ಏಳು ಚೀಲ ಬಿಟ್ಟರೆ.

ಮಾವ ಈಗ ಸಂಜೆ ಆರರ ಮೇಲೆ ಬಂದ ಚೀಲಕ್ಕೆ ಬೇರೆ ಪುಸ್ತಕ ಇಟ್ಟಿದ್ದಾರೆ. ಗುಮಾಸ್ತರು ಅದಕ್ಕೆ ನನ್ನ ಹೆಸರನ್ನೇ ಇಟ್ಟಿದ್ದಾರಂತೆ.