ಹಳೆಯ ಮಾರುತಿ 800ಕ್ಕೆ ಮನೆಯಂಗಳದಲ್ಲೇ ಮರುಜೀವ

1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದ ಮಾರುತಿ 800, 796 ಸಿಸಿಯ ಮೂರು ಸಿಲಿಂಡರ್ ಎಂಜಿನ್ನಿನ ಸರಳ ಕಾರಾದ್ದರಿಂದ, ಮನೆಯಲ್ಲೇ ದುರಸ್ತಿ ಕಲಿಯಬಯಸುವವರಿಗೆ ಇದಕ್ಕಿಂತ ಒಳ್ಳೆಯ ಗಾಡಿ ಇಲ್ಲವೆಂದೇ ನಾನು ನಂಬಿದ್ದೇನೆ.

ಎಂಜಿನ್ನಿಗಿಂತ ಮೊದಲು ತುಕ್ಕನ್ನು ಹುಡುಕಬೇಕು. ಈ ಕಾರಿಗೆ ಪ್ರತ್ಯೇಕ ಚಾಸಿಸ್ (ಅಡಿಚೌಕಟ್ಟು) ಇಲ್ಲದೆ ಬಾಡಿಯೇ ಭಾರವನ್ನೆಲ್ಲ ಹೊರುವುದರಿಂದ, ನೆಲದ ತಗಡು ಕೊಳೆತಿದ್ದರೆ ಮೇಲಿನ ಬಣ್ಣ ಎಷ್ಟು ಹೊಳೆದರೂ ಪ್ರಯೋಜನವಿಲ್ಲ. ಕಾರ್ಪೆಟ್ ಎತ್ತಿ, ಸ್ಕ್ರೂಡ್ರೈವರಿನ ಹಿಡಿಯಿಂದ ತಗಡನ್ನು ಅಂಗುಲ ಅಂಗುಲವಾಗಿ ತಟ್ಟುತ್ತ ಬನ್ನಿ. ಗಟ್ಟಿ ತಗಡು ಟಣ್ಣೆನ್ನುತ್ತದೆ, ಕೊಳೆತದ್ದು ಮಂಕಾಗಿ ಸದ್ದು ಮಾಡಿ ಕಂದು ಹಕ್ಕಳೆ ಉದುರಿಸುತ್ತದೆ. ಬಾಗಿಲುಗಳ ಕೆಳಅಂಚು, ಬ್ಯಾಟರಿ ಕೂರುವ ತಟ್ಟೆ, ಚಕ್ರದ ಕಮಾನುಗಳನ್ನೂ ಹೀಗೆಯೇ ಪರೀಕ್ಷಿಸಿ. ತೂತುಗಳನ್ನು ಪುಟ್ಟಿಯಿಂದ ಮುಚ್ಚದೆ, ಕೊಳೆತ ಭಾಗವನ್ನು ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಿ. ಅದಕ್ಕೆ ಮುನ್ನ ಬ್ಯಾಟರಿಯನ್ನೂ ಪೆಟ್ರೋಲ್ ಟ್ಯಾಂಕನ್ನೂ ತೆಗೆದಿಡಬೇಕು. ಬರಿಯ ಜಾಕಿನ ಮೇಲೆ ನಿಂತ ಕಾರಿನಡಿ ಎಂದಿಗೂ ನುಸುಳಬೇಡಿ.

ವರ್ಷಗಟ್ಟಲೆ ನಿಂತಿದ್ದ ಎಂಜಿನ್ನನ್ನು ಒಮ್ಮೆಲೇ ಸ್ಟಾರ್ಟ್ ಮಾಡದೆ, ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ ಪ್ರತಿ ಸಿಲಿಂಡರಿಗೆ ಸ್ವಲ್ಪ ಎಂಜಿನ್ ಆಯಿಲ್ ಬಿಟ್ಟು, ಮರುದಿನ ಕ್ರ್ಯಾಂಕ್ ಪುಲಿಯನ್ನು (ಎಂಜಿನ್ನಿನ ಮುಖ್ಯ ದಂಡದ ತುದಿಯ ಗಾಲಿ) ಸ್ಪ್ಯಾನರಿನಿಂದ ನಿಧಾನವಾಗಿ ತಿರುಗಿಸಿ ನೋಡಿ. ಹಳಸಿದ ಪೆಟ್ರೋಲನ್ನು ಹೊರಹಾಕಿ, ಪೆಟ್ರೋಲನ್ನು ಗಾಳಿಯೊಡನೆ ಬೆರೆಸುವ ಕಾರ್ಬ್ಯುರೇಟರಿನ ಜೆಟ್‌ಗಳನ್ನು (ಪೆಟ್ರೋಲ್ ಹಾಯುವ ಸಣ್ಣ ರಂಧ್ರಗಳು) ಶುಚಿಗೊಳಿಸಿ. ಎಂಜಿನ್ನಿನ ಕವಾಟಗಳ ಚಲನೆಯನ್ನು ಹೊಂದಿಸುವ ಟೈಮಿಂಗ್ ಬೆಲ್ಟ್ ಕಣ್ಣಿಗೆ ಚೆನ್ನಾಗಿಯೇ ಕಂಡರೂ ಬದಲಿಸಿ. ಬ್ರೇಕಿನ ರಬ್ಬರ್ ಭಾಗಗಳು ಮತ್ತು ಬ್ರೇಕ್ ಆಯಿಲ್ ಹೊಸದಾಗಿರಲಿ.

ಬಣ್ಣ ಕೊನೆಯ ಕೆಲಸ. ಬಣ್ಣ ಬಳಿಯುವಾಗ ಬಾಡಿಯ ಮೇಲೆ ಕೊರೆದಿರುವ ಚಾಸಿಸ್ ಸಂಖ್ಯೆ (ಕಾರಿನ ಗುರುತಿನ ಸಂಖ್ಯೆ) ಮುಚ್ಚಿಹೋಗದಂತೆ ನೋಡಿಕೊಳ್ಳಿ. 15 ವರ್ಷ ದಾಟಿದ ಕಾರಿನ ಆರ್‌ಸಿ (ನೋಂದಣಿ ಪತ್ರ) ನವೀಕರಣಕ್ಕೆ ಹೋದಾಗ ಆರ್‌ಟಿಒ ತಪಾಸಣೆಯಲ್ಲಿ ಅದನ್ನು ಓದಬೇಕಾಗುತ್ತದೆ.