ಚುಕ್ಕೆ ವೃತ್ತದೊಳಗೇ ಇರಲಿ: ಪೈಲಟ್ ಆಪ್ಟಿಟ್ಯೂಡ್ ಪರೀಕ್ಷೆಗೆ ತಯಾರಿ

ಪೈಲಟ್ ಆಗುವ ಸಾಮರ್ಥ್ಯ ಇದೆಯೇ ಎಂದು ಅಳೆಯುವ ಈ ಪರೀಕ್ಷೆಯಲ್ಲಿ ಮೊದಲ ಸಲ ನಾನು ಫೇಲಾದೆ. ಲೆಕ್ಕ ಬಾರದೆ ಅಲ್ಲ, ಲೆಕ್ಕದಲ್ಲೇ ಮುಳುಗಿಹೋಗಿ. ಪರದೆಯ ಮೇಲೆ ಚುಕ್ಕೆಯೊಂದು ಅಲೆಯುತ್ತಿರುತ್ತದೆ. ಜಾಯ್‌ಸ್ಟಿಕ್ ಹಿಡಿದು ಅದನ್ನು ವೃತ್ತದೊಳಗೆ ಉಳಿಸಿಕೊಳ್ಳಬೇಕು. ಅದೇ ಹೊತ್ತಿಗೆ ಕಿವಿಯಲ್ಲಿ ಲೆಕ್ಕ ಕೇಳಿಸುತ್ತದೆ. ಹದಿನೇಳಾರಲೆ? 102 ಎಂದು ಹೆಮ್ಮೆಯಿಂದ ಒತ್ತಿ ಕಣ್ಣೆತ್ತಿದರೆ ಚುಕ್ಕೆ ಮೂಲೆ ಸೇರಿತ್ತು.

ಇದು ಬರೀ ಆಟವಲ್ಲ. 1972ರ ಡಿಸೆಂಬರ್‌ನಲ್ಲಿ ಈಸ್ಟರ್ನ್ ಏರ್‌ಲೈನ್ಸ್‌ನ 401ನೇ ವಿಮಾನದ ಸಿಬ್ಬಂದಿ ವಿಮಾನದ ಮುಂಭಾಗದ ಚಕ್ರದ ಸೂಚಕ ದೀಪವೊಂದು ಹೊತ್ತಲಿಲ್ಲವೆಂದು ಅದರ ಹಿಂದೆಯೇ ಬಿದ್ದರು. ವಿಮಾನ ಮೆಲ್ಲಗೆ ಕೆಳಗಿಳಿಯುತ್ತಿದ್ದುದು ಯಾರ ಗಮನಕ್ಕೂ ಬರಲಿಲ್ಲ. ಫ್ಲೋರಿಡಾದ ಜೌಗಿನಲ್ಲಿ ಅದು ಅಪ್ಪಳಿಸಿತು. ಒಂದರಲ್ಲಿ ಮುಳುಗಿ ಇನ್ನೊಂದನ್ನು ಮರೆಯುತ್ತೀರಾ ಎಂಬುದನ್ನೇ ಪರೀಕ್ಷಕರು ಆ ಚುಕ್ಕೆಯಲ್ಲಿ ನೋಡುವುದು.

ಆದ್ದರಿಂದ ಲೆಕ್ಕವನ್ನು ಕುಳಿತು ಕಲಿಯಿರಿ, ಆದರೆ ನಡೆಯುತ್ತಾ ಅಭ್ಯಾಸ ಮಾಡಿ. ನಾಟ್ ಎಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿಯ ವೇಗ, ಹಾಗಾಗಿ 60 ನಾಟ್ ಎಂದರೆ ನಿಮಿಷಕ್ಕೆ ಒಂದು ನಾಟಿಕಲ್ ಮೈಲಿ. 450 ನಾಟ್ ಎಂದರೆ ಏಳೂವರೆ. 20 ನಿಮಿಷಕ್ಕೆ 150. ಡಿಗ್ರಿಯಲ್ಲಿ ಕೊಟ್ಟ ದಿಕ್ಕಿನ ಎದುರು ದಿಕ್ಕು ಬೇಕಾದರೆ 200 ಕೂಡಿ 20 ಕಳೆಯಿರಿ: 070ಕ್ಕೆ 250. ದಿಕ್ಕು 180 ದಾಟಿದ್ದರೆ 200 ಕಳೆದು 20 ಕೂಡಿ. ಮೆಟ್ಟಿಲು ಹತ್ತುವಾಗ ಎಡವದೆ ಇದನ್ನು ಹೇಳಲು ಬಂದರೆ ಪರದೆಯ ಮುಂದೆಯೂ ಬರುತ್ತದೆ.

ಹೆಚ್ಚಿನವರು ಎಡವುವ ಇನ್ನೊಂದು ಕಡೆ ಕೃತಕ ದಿಗಂತ, ಅಂದರೆ ವಿಮಾನ ಎಷ್ಟು ವಾಲಿದೆ ಎಂದು ತೋರಿಸುವ ದಿಗಂತ ಸೂಚಕ. ಅದನ್ನೂ ದಿಕ್ಸೂಚಿಯನ್ನೂ ಕೊಟ್ಟು, ಹೊಂದುವ ವಿಮಾನದ ಚಿತ್ರ ಯಾವುದೆಂದು ಕೇಳುತ್ತಾರೆ. ವಿಮಾನ ಎಡಕ್ಕೆ ವಾಲಿದರೆ ಸೂಚಕದ ದಿಗಂತರೇಖೆ ಬಲಗಡೆಗೆ ಇಳಿದಂತೆ ಕಾಣುತ್ತದೆ. ಅವಸರದಲ್ಲಿ ನಾವು ರೇಖೆಯನ್ನೇ ರೆಕ್ಕೆ ಎಂದುಕೊಂಡು ಉಲ್ಟಾ ಉತ್ತರ ಕೊಡುತ್ತೇವೆ. ಮೊದಲು ದಿಕ್ಸೂಚಿ ನೋಡಿ ಹೊಂದದ ಚಿತ್ರಗಳನ್ನು ಬಿಟ್ಟುಬಿಡಿ, ಆಮೇಲೆ ವಾಲುವಿಕೆಗೆ ಬನ್ನಿ.

ಪರೀಕ್ಷೆಯಲ್ಲಿ ಬರುವ ಗುಂಪು ಚಟುವಟಿಕೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗಡಿಯಾರ ನೋಡುತ್ತಾ ಎಲ್ಲರ ಮಾತು ಕೇಳಿಸಿಕೊಳ್ಳುವವರಾಗಿ, ಸಾಕು.

ಇದಕ್ಕೆಲ್ಲ ಮೊದಲು, ತರಬೇತಿಗೆ ಹಣ ಕಟ್ಟುವುದಕ್ಕಂತೂ ಎಷ್ಟೋ ಮೊದಲು, ವಾಣಿಜ್ಯ ಪೈಲಟ್‌ಗೆ ಬೇಕಾದ ಪ್ರಥಮ ದರ್ಜೆಯ (ಕ್ಲಾಸ್ 1) ವೈದ್ಯಕೀಯ ತಪಾಸಣೆ ಮಾಡಿಸಿಕೊಳ್ಳಿ. ಕನ್ನಡಕ ಸಾಮಾನ್ಯವಾಗಿ ಅಡ್ಡಿಯಲ್ಲ. ಬಣ್ಣ ಗುರುತಿಸುವ ದೃಷ್ಟಿ, ಕಿವಿ, ಹೃದಯ ಇವು ಮುಖ್ಯ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಮಾನದಂಡದಂತೆ ವಾಣಿಜ್ಯ ಪೈಲಟ್ ಪರವಾನಗಿಗೆ ಕನಿಷ್ಠ 18 ವರ್ಷ ವಯಸ್ಸು, 200 ಗಂಟೆ ಹಾರಾಟ ಬೇಕು. ಮಾನ್ಯತೆ ಪಡೆದ ಕೋರ್ಸಿನಲ್ಲಾದರೆ 150 ಗಂಟೆ. ವಿಮಾನಸಂಸ್ಥೆಯ ಕ್ಯಾಪ್ಟನ್ ಆಗಲು ಬೇಕಾದ ಪರವಾನಗಿಗೆ 1,500 ಗಂಟೆ. ದಾರಿ ಉದ್ದವಿದೆ, ಬಾಗಿಲಲ್ಲೇ ಗೊತ್ತಾಗಬಹುದಾದ ಅಡ್ಡಿಯನ್ನು ನಡುದಾರಿಯಲ್ಲಿ ಎದುರಿಸಬೇಡಿ. ಫೇಲಾದರೆ ಮತ್ತೆ ಕೂರಲು ಎಷ್ಟು ಕಾಯಬೇಕೆಂದೂ ಮೊದಲೇ ಕೇಳಿಟ್ಟುಕೊಳ್ಳಿ. ನಾನು ಕೇಳಿರಲಿಲ್ಲ.

ಎರಡನೇ ಸಲ ಮೂರು ಲೆಕ್ಕಗಳನ್ನು ಬೇಕೆಂದೇ ಬಿಟ್ಟೆ. ಅವುಗಳಲ್ಲಿ ಒಂದರ ಉತ್ತರ ನಾಲಗೆಯ ತುದಿಯಲ್ಲೇ ಇತ್ತು. ಆಗ ಚುಕ್ಕೆ ವೃತ್ತದ ಅಂಚಿಗೆ ಬಂದಿತ್ತು, ಮೊದಲು ಅದನ್ನು ಒಳಗೆ ತಂದೆ.